ಕೇಳಲು ಬಾರದವರ ಮನೆ

ನಾವಿದ್ದ ಮನೆಗೆ ಮುಂಬಾಗಿಲಿತ್ತು, ಅದಕ್ಕೆ ಅಗಳಿ ಇರಲಿಲ್ಲ. ಮಿಷನ್ನಿನವರು ಕಟ್ಟಿಸಿದಾಗ ಇತ್ತಂತೆ. ಅಪ್ಪ ಆ ಊರಿಗೆ ಉಪದೇಶಿಯಾಗಿ ಬಂದ ಮೊದಲ ವಾರವೇ ಅದನ್ನು ಕಿತ್ತು ತೆಗೆದು, ಬಂದವರಿಗೆ ಬಾಗಿಲು ಬಡಿಯುವ ತ್ರಾಸು ಬೇಡ ಎಂದನಂತೆ. ಆ ಕಬ್ಬಿಣದ ಅಗಳಿಯಿಂದ ಅವ್ವ ಒಲೆಯ ಕೆಂಡ ಕೆದಕುತ್ತಿದ್ದಳು. ಕೆದಕಿದಾಗಲೆಲ್ಲ ಪಡಸಾಲೆಯ ಕಡೆ ಒಂದು ನೋಟ ಹಾಯಿಸುತ್ತಿದ್ದಳು. ಪಡಸಾಲೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಿದ್ದರು. ಬ್ರಿಟಿಷರ ಆಳಿಕೆಯ ಕೊನೆಯ ವರ್ಷಗಳು ಅವು. ಬಿಳಿಯರ ಮಿಷನ್ನು ನಮ್ಮ ಜನರೊಳಗಿಂದಲೇ ಆರಿಸಿ, ಊರೂರು ಅಲೆದು ಸುವಾರ್ತೆ ಹೇಳಲು ನೇಮಿಸಿದವನಿಗೆ ಉಪದೇಶಿ ಎಂದು ಹೆಸರು. ದೊರೆ ಮತ್ತು ದೊರೆಸಾನಿ ಕಾಂಪೌಂಡಿನ ಈ ತುದಿಯ ಬಂಗಲೆಯಲ್ಲಿದ್ದರು. ಉಪದೇಶಿ ದಾನಪ್ಪ, ಅಂದರೆ ನಮ್ಮಪ್ಪ, ಆ ತುದಿಯ ಮೂರು ಕೋಣೆಯ ಹಂಚಿನ ಮನೆಯಲ್ಲಿದ್ದ. ನಡುವೆ ಪ್ರಾರ್ಥನೆಯ ಗುಡಿ, ಅಪ್ಪನೇ ನಡೆಸುತ್ತಿದ್ದ ನಾಲ್ಕನೆಯ ಇಯತ್ತೆಯವರೆಗಿನ ಸಾಲೆ, ಒಂದು ಬಾವಿ. ಕಾಂಪೌಂಡಿನ ಗೋಡೆಯಾಚೆ ನೇಕಾರರ ಓಣಿ. ಬೆಳಗಾದರೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಅದರ ಮೇಲೆ ಅಪ್ಪನ ಹಾರ್ಮೋನಿಯಂ, ಅದರ ಮೇಲೆ ಅವ್ವನ ಗೊಣಗು.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ಮೊಮ್ಮಗಳು ಅನಿತಾ. ಅಮೆರಿಕದ ಜರ್ಸಿ ಸಿಟಿಯಲ್ಲಿದ್ದಾಳೆ, ಈಗ ನಾನೂ ಅವಳ ಮನೆಯಲ್ಲೇ ಇದ್ದೇನೆ. ಆಕೆಗೆ ಹೆಣ್ಣು ಕೂಸು ಹುಟ್ಟಿ ಐದು ತಿಂಗಳಾಯಿತು, ನಾನು ಮುತ್ತಜ್ಜಿಯಾದೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸದೆ ಉಕ್ಕಿ ಬರುತ್ತಿದೆ. ಆದರೆ ನನ್ನ ಹಣೆಬರಹ ನೋಡಿ, ಸಂತೋಷವಾದಾಗಲೇ ನನಗೆ ಹಳೆಯ ಸಿಟ್ಟುಗಳೂ ಎದ್ದು ಕುಳಿತುಕೊಳ್ಳುತ್ತವೆ. ಮೊನ್ನೆ ಡಾಕ್ಟರ ಹತ್ತಿರ ಹೋದಾಗ ಅನಿತಾ ನನ್ನ ಬದಲಾಗಿ ಫಾರ್ಮು ತುಂಬುತ್ತಿದ್ದಳು.

"ಅಜ್ಜಿ, ಎಷ್ಟು ಇಯರ್ಸ್ ಸ್ಕೂಲು?"

"ನಾಕು."

"ಓನ್ಲಿ ಫೋರ್? ಬಟ್ ನಿಮ್ಮಪ್ಪ ಸ್ಕೂಲ್ ನಡೆಸ್ತಿದ್ರು ಅಂತ ಅಮ್ಮ ಹೇಳಿದ್ಲು. ಹೌ ಈಸ್ ದಟ್ ಪಾಸಿಬಲ್?"

ನನಗೂ ಎಂಬತ್ತು ವರ್ಷದಿಂದ ಅದೇ ಪ್ರಶ್ನೆ. ಆ ಕುರ್ಚಿಯ ಮೇಲೆ ಕುಳಿತು ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ ಮನೆಗೆ ಬಂದು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ತಪ್ಪು ನನ್ನದಲ್ಲ, ನಮ್ಮಪ್ಪನದು.

ನಮ್ಮ ಮನೆಯ ಮೂರು ಕೋಣೆಗಳಲ್ಲಿ ನಮ್ಮದೆನ್ನುವುದು ಅಡಿಗೆಮನೆ ಒಂದೇ. ಪಡಸಾಲೆಯ ಬೆಂಚು, ವಿಚಾರಿಸಲು ಬಂದವರದು. ದೇವರ ವಿಚಾರ ಕೇಳಲು ಬಂದವರು, ಜಗಳವಾಡಿ ಮನೆ ಬಿಟ್ಟವರು, ಜ್ವರ ಬಂದವರು, ಬರೀ ಹಸಿದವರು, ಎಲ್ಲರೂ ಅಪ್ಪನ ಲೆಕ್ಕದಲ್ಲಿ ವಿಚಾರಿಸಲು ಬಂದವರೇ. ನಡುಕೋಣೆಯಲ್ಲಿ ಹೆಂಗಸರು, ಮಕ್ಕಳು. ನಾನೊಬ್ಬಳೇ ಮಗಳಾದರೂ ನನ್ನ ಕೌದಿಯ ಕೆಳಗೆ ಒಬ್ಬಳೇ ಮಲಗಿದ್ದು ನೆನಪಿಲ್ಲ. ಸಂತೆಯಲ್ಲಿ ಉಪದೇಶ ಮುಗಿಸಿ ಅಪ್ಪ ಮನೆಗೆ ಬರುವಾಗ ಹಿಂದೆ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು. ಅವ್ವ ಕಿಟಕಿಯಿಂದ ನೋಡಿ, ಎಷ್ಟು ನೆರಳು ಬರುತ್ತಿವೆ ಎಂದು ಎಣಿಸಿ, ಹಿಟ್ಟಿಗೆ ಇನ್ನಷ್ಟು ಬಿಸಿನೀರು ಹಾಕುತ್ತಿದ್ದಳು. ಒಳಗೆ ಬಂದ ಅಪ್ಪ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ.

"ಇವರು ನಮ್ಮವರು. ಎರಡು ದಿನ ಇರತಾರ."

"ಹೋದ ಉಗಾದಿಗೆ ಬಂದವರೂ ಎರಡ ದಿನಕ್ಕ ಬಂದವರು," ಎನ್ನುತ್ತಿದ್ದಳು ಅವ್ವ. "ಅವರದಿನ್ನೂ ಎರಡನೇ ದಿನ ಮುಗದಿಲ್ಲ."

ಊಟಕ್ಕಿಂತ ಮೊದಲು ಪ್ರಾರ್ಥನೆ. ಅದರ ವಿಷಯ ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಚುರುಗುಟ್ಟುತ್ತದೆ. ಜೋಳದ ರೊಟ್ಟಿ ಬಿಸಿಯಿದ್ದಾಗ ತಿನ್ನುವ ವಸ್ತು. ಆರಿದರೆ ಅದರಿಂದ ಬೆಂಕಿಗೆ ಗಾಳಿ ಹಾಕಬಹುದು. ಅವ್ವ ತಾಟಿಗೆ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಬಡಿಸಿ ಕೂರುತ್ತಿದ್ದಂತೆ ಅಪ್ಪ ಕಣ್ಣು ಮುಚ್ಚುತ್ತಿದ್ದ. ಸಮುದ್ರದಾಚೆಯ ರಾಜನಿಂದ ಶುರುವಾಗಿ, ಬಂಗಲೆಯ ದೊರೆ, ದೊರೆಸಾನಿ, ಓಣಿಯ ಬಾಣಂತಿಯರು, ಜೇಲಿನಲ್ಲಿದ್ದವರು, ಹೋದ ವಾರ ಸಂತೆಯಲ್ಲಿ ಅವನ ಮೈಮೇಲೆ ಸೆಗಣಿ ಎಸೆದ ಮಲ್ಲಪ್ಪ, ಮಿಷನ್ನಿನ ಬಂಡಿ ಎಳೆಯುವ ಎತ್ತು ಬಸವ, ಎಲ್ಲರ ಹೆಸರೂ ಬರುತ್ತಿತ್ತು. ನನ್ನ ಹೆಸರು ಮಾತ್ರ ಬರುತ್ತಿರಲಿಲ್ಲ. 'ಈ ಮನೆಯಲ್ಲಿರುವ ಎಲ್ಲರನ್ನೂ' ಎಂಬ ಮಾತಿನೊಳಗೆ ನಾನು ಎಲ್ಲೋ ಒಂದು ಮೂಲೆಯಲ್ಲಿ ಬರುತ್ತಿದ್ದೆನಂತೆ. ನಾನು ಒಮ್ಮೆ ಕೇಳಿದ್ದೆ, ಎತ್ತಿನ ಹೆಸರು ಹೇಳ್ತಿ, ನನ್ನ ಹೆಸರು ಯಾಕೆ ಹೇಳುವುದಿಲ್ಲ ಎಂದು. ಎತ್ತಿಗೆ ಬಾಯಿಲ್ಲವಲ್ಲ ಎಂದ. ಪ್ರಾರ್ಥನೆ ಮುಗಿದ ಮೇಲೆ ಕೂತವರೆಲ್ಲ ಬಾಯಿ ಬಿಟ್ಟು 'ಆಮೆನ್' ಅನ್ನಬೇಕು. ಒಬ್ಬರು ಅನ್ನದಿದ್ದರೂ ಅಪ್ಪ ರೊಟ್ಟಿ ಮುರಿಯುತ್ತಿರಲಿಲ್ಲ. ಅದು ನಮ್ಮ ಮನೆಯ ಕಾಯಿದೆ. ಹೊಸಬರು ಏನೂ ತಿಳಿಯದೆ ಮಿಕಿಮಿಕಿ ನೋಡುತ್ತಾ ಕೂತರೆ ಅವನು ನಗುನಗುತ್ತಾ ಅವರಿಗಾಗಿ ಕಾಯುತ್ತಿದ್ದ. ಕೂತವರೆಲ್ಲ ಅವರನ್ನು ದುರುಗುಟ್ಟಿ ನೋಡುತ್ತಿದ್ದೆವು.

ನಾನು ಓದಿನಲ್ಲಿ ಚುರುಕಾಗಿದ್ದೆ. ಹೊಗಳಿಕೊಳ್ಳುತ್ತಿಲ್ಲ, ಬೇರೆ ಯಾರೂ ಹೇಳುವವರು ಉಳಿದಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ. ಕಾಂಪೌಂಡಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಓದು ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಧಾರವಾಡದ ಹೆಣ್ಣುಮಕ್ಕಳ ಬೋರ್ಡಿಂಗಿಗೆ ಹೋಗಬೇಕು. ಅಲ್ಲಿ ಯಾರಿಗೆ ಜಾಗ ಎಂದು ತೀರ್ಮಾನಿಸುವವಳು ನಮ್ಮ ಬಂಗಲೆಯ ದೊರೆಸಾನಿ, ಆಗಾಗ ಅಲ್ಲಿಗೆ ಹೋಗಿಬರುತ್ತಿದ್ದಳು. ಪ್ರತಿಯೊಬ್ಬ ಉಪದೇಶಿಯ ಮನೆಗೂ ಅಲ್ಲಿ ಒಂದು ಹುಡುಗಿಯ ಜಾಗ ಬಿಟ್ಟಿಯಾಗಿ ಸಿಗುತ್ತಿತ್ತು. ನಮ್ಮ ಮನೆಯ ಆ ಜಾಗ ನನ್ನದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವ್ವ ಒಂದು ವರ್ಷದ ಮೊದಲೇ ತಯಾರಿ ನಡೆಸಿದ್ದಳು. ಎರಡು ಪರಕಾರ, ಎರಡು ಪೋಲಕ ಹೊಲಿಸಿದಳು. ತನ್ನ ತವರಿನ ಹಿತ್ತಾಳೆ ತಾಟಿನ ಅಂಚಿನಲ್ಲಿ ಕಂಚಗಾರನಿಂದ ಚುಕ್ಕೆಚುಕ್ಕೆಯಾಗಿ 'ಸುಗುಣಾ' ಎಂದು ನನ್ನ ಹೆಸರು ಕೊರೆಯಿಸಿದಳು. ಬೋರ್ಡಿಂಗಿನಲ್ಲಿ ತಾಟು ಅದಲುಬದಲಾಗುತ್ತವೆ ಎಂದು ಯಾರೋ ಹೇಳಿದ್ದರು. ನಾನು ಆ ಹೆಸರಿನ ಮೇಲೆ ದಿನವೂ ಬೆರಳಾಡಿಸುತ್ತಿದ್ದೆ. ಧಾರವಾಡ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅಲ್ಲಿ ನನ್ನ ತಾಟಿನಲ್ಲಿ ನಾನೊಬ್ಬಳೇ ಉಣ್ಣುತ್ತೇನೆ ಎಂಬಷ್ಟು ಗೊತ್ತಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಆ ಬೇಸಿಗೆ ನಡುಕೋಣೆಗೆ ಬಂದು ಸೇರಿದವಳು ನೀಲವ್ವ. ನನ್ನದೇ ವಯಸ್ಸು, ಒಂಬತ್ತೋ ಹತ್ತೋ. ಅವಳ ತಾಯಿ ನೇಕಾರರ ಓಣಿಯ ವಿಧವೆ. ಮಗಳನ್ನು ಕರೆದುಕೊಂಡು ಅಗಳಿಯಿಲ್ಲದ ನಮ್ಮ ಬಾಗಿಲು ತಳ್ಳಿ ಒಳಗೆ ಬಂದಿದ್ದಳು. ತನ್ನ ಅಣ್ಣನೇ ಮಗಳನ್ನು ಮದುವೆಯಾಗುತ್ತೇನೆ ಎನ್ನುತ್ತಿದ್ದಾನೆ, ಅವನಿಗೆ ಆಗಲೇ ಒಬ್ಬ ಹೆಂಡತಿಯಿದ್ದಾಳೆ, ಮೀಸೆಯಲ್ಲಿ ಬಿಳಿಕೂದಲಿವೆ ಎಂದು ಅಳುತ್ತಿದ್ದಳು. ಒಂದು ತಿಂಗಳ ಮೇಲೆ ಆ ಸೋದರಮಾವ ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಬಂದು ನಮ್ಮ ಬೆಂಚಿನ ಮೇಲೆ ಕುಳಿತ. ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಾ ಎಲ್ಲ ಕೇಳುತ್ತಿದ್ದೆ.

"ಹುಡುಗಿ ನಮ್ಮದು, ಉಪದೇಶಪ್ಪಾ. ಕಳಸಿಕೊಡ್ರಿ, ನಾವು ಗದ್ದಲ ಮಾಡೂದಿಲ್ಲ."

"ಆಕಿ ಊರಾಗ ಇರೂದಿಲ್ಲಪಾ," ಅಂದ ಅಪ್ಪ. "ನಾಳೆ ಧಾರವಾಡಕ್ಕ ಹೊಂಟಾಳ, ಸಾಲಿಗೆ."

"ಯಾವ ಸಾಲಿ? ಆಕಿನ್ನ ಯಾರು ಸೇರಿಸಿಕೊಂತಾರ?"

"ನನ್ನ ಮಗಳ ಜಾಗ ಐತಿ."

ಅಷ್ಟೇ. ಅವ್ವನನ್ನು ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆ, ಬಂದವರನ್ನು ಸಾಗಹಾಕಲು ಹಾಗೆ ಅಂದಿದ್ದಾನೆ ಎಂದು ನಾನು ಆ ಕ್ಷಣಕ್ಕೆ ಅಂದುಕೊಂಡೆ. ನಮ್ಮಪ್ಪ ಸುಳ್ಳು ಹೇಳುವವನಲ್ಲ ಎಂಬುದು ಮರುಗಳಿಗೆಗೆ ನೆನಪಾಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಹಿರಿಯರು ಇನ್ನೂ ಮೆಟ್ಟಿಲು ಇಳಿಯುತ್ತಿದ್ದರು.

"ಅಪ್ಪಾ, ನನ್ನ ಜಾಗ?"

"ಬರೂ ವರ್ಸ ನಿಂದು, ಯವ್ವಾ. ನಿನಗ ಅಪ್ಪ ಅದಾನ, ಅವ್ವ ಅದಾಳ, ತಲಿ ಮ್ಯಾಲ ಹಂಚೈತಿ. ಆಕಿಗೆ ಏನೈತಿ ಹೇಳು?"

ಎದುರಿನವರು ತಪ್ಪು ಮಾಡಿದರೆ ಜಗಳವಾಡಬಹುದು. ಸರಿ ಮಾಡುವವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ಬಾಳಿದವರಿಗೇ ಗೊತ್ತು. ಮರುದಿನ ನೀಲವ್ವ ಮಿಷನ್ನಿನ ಬಂಡಿ ಹತ್ತಿದಳು. ಉಟ್ಟಿದ್ದು ನನ್ನ ಪರಕಾರ. ಅವಳ ಹತ್ತಿರ ತಾಟಿರಲಿಲ್ಲವೆಂದು ಅಪ್ಪ ನನ್ನ ಹಿತ್ತಾಳೆಯ ತಾಟನ್ನೂ ಗಂಟಿನೊಳಗೆ ಇಟ್ಟ. ಸುಗುಣಾ ಎಂದು ಬರೆದ ತಾಟಿನಲ್ಲಿ ಮೂರು ವರ್ಷ ನೀಲವ್ವ ಉಂಡಳು. ನಾನು ಮನೆಯಲ್ಲಿ ಮಣ್ಣಿನ ಪರಿಯಾಣದಲ್ಲಿ ಉಂಡೆ.

ಬರುವ ವರ್ಷ ಎಂಬುದು ಬರಲಿಲ್ಲ. ಬೋರ್ಡಿಂಗಿನ ಕಾಯಿದೆಯ ಪ್ರಕಾರ ಒಬ್ಬ ಹುಡುಗಿ ಸೇರಿದರೆ ಏಳನೆಯ ಇಯತ್ತೆ ಮುಗಿಯುವ ತನಕ ಆ ಮನೆಯ ಜಾಗ ಅವಳದೇ. ಇದು ಅಪ್ಪನಿಗೂ ಗೊತ್ತಿರಲಿಲ್ಲ, ವಿಚಾರಿಸಿದ್ದರಲ್ಲವೇ ಗೊತ್ತಾಗುವುದು. ನಾನು ಮನೆಯಲ್ಲಿ ಉಳಿದು ಬೆಂಚಿನವರಿಗೆ ರೊಟ್ಟಿ ಬಡಿದೆ. ಕ್ರಿಸ್‌ಮಸ್ ರಜೆಗೆ ನೀಲವ್ವ ಬಂದಳು. ಎರಡು ಜಡೆ, ರಿಬ್ಬನ್ನು, ಬಾಯಿತುಂಬ ಇಂಗ್ಲಿಷ್ ಪದ್ಯ. ಕೆಟ್ಟ ಹುಡುಗಿಯಾಗಿದ್ದರೆ ಬೈದುಕೊಂಡಾದರೂ ಸುಖಪಡುತ್ತಿದ್ದೆ. ಆದರೆ ಅವಳು ಒಳ್ಳೆಯವಳು. ಬಂದವಳೇ ನನ್ನ ಕೈಯಿಂದ ಬೀಸುವ ಕಲ್ಲಿನ ಗೂಟ ಇಸಿದುಕೊಂಡು ತಾನೇ ಬೀಸಲು ಕೂತಳು. ಬೀಸುತ್ತಾ ಬೋರ್ಡಿಂಗಿನ ಸುದ್ದಿ ಹೇಳಿದಳು. ಅಲ್ಲಿ ಉದ್ದನೆಯ ಕೋಣೆ, ಗೋಡೆಗೆ ಸಾಲಾಗಿ ಮರದ ಗೂಟ, ಒಂದೊಂದು ಗೂಟಕ್ಕೆ ಒಬ್ಬೊಬ್ಬ ಹುಡುಗಿಯ ಬಟ್ಟೆಯ ಚೀಲ, ಅದರ ಕೆಳಗೆ ಅವಳ ಚಾಪೆ.

"ನನ್ನ ಬಾಜೂಕಿನ ಗೂಟ ಖಾಲಿ ಐತಿ ನೋಡು," ಅಂದಳು. "ವರ್ಸಾನುಗಟ್ಟಲೆ ಖಾಲಿನ ಅಂತ. ನನ್ನ ಒದ್ದಿ ಪರಕಾರ ಅದಕ್ಕ ಹಾಕತೀನಿ."

"ಯಾರದದು?"

"ಯಾರದೂ ಅಲ್ಲ. ಕೇಳಿದವರಿಗೆ ಕೊಡತಾರಂತ. ದೊರೆಸಾನಿ ಹೇಳತಿರತಾಳ, ಯಾರೂ ಕೇಳಲೇ ಇಲ್ಲ ಅಂತ."

ಅವ್ವ ಒಲೆಯ ಮುಂದೆ ಇದ್ದಳು. ಕೆಂಡ ಕೆದಕುತ್ತಿದ್ದ ಕೈ ಹಾಗೆಯೇ ನಿಂತಿತು. ಅಪ್ಪ ಸಂತೆಯಿಂದ ಬಂದ. ನಾನೇ ಕೇಳಿದೆ.

"ಅಪ್ಪಾ, ಇನ್ನೊಂದು ಜಾಗ ಐತೇನ್ರೀ ಅಂತ ನೀ ಯಾಕ ಕೇಳಲಿಲ್ಲ?"

ಅಪ್ಪ ರುಮಾಲು ಬಿಚ್ಚುತ್ತಿದ್ದವನು ನನ್ನನ್ನು ನೋಡಿದ. ಕಳ್ಳತನ ಮಾಡೋಣ ಬಾ ಎಂದು ನಾನು ಕರೆದಂತೆ ಇತ್ತು ಅವನ ಮುಖ.

"ನಮ್ಮ ಮಗಳಿಗೆ ನಾವ ಕೇಳೂದು ಹೆಂಗವಾ?"

ಅವನ ಪಾಡನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಲ್ಲ. ಸಂತೆಯಲ್ಲಿ ಅವನು ಬಾಯಿ ತೆರೆದರೆ ಜನ ಕೂಗುತ್ತಿದ್ದ ಮಾತು ಒಂದೇ, ದೊರೆಯ ಹಿಟ್ಟಿಗಾಗಿ ಜಾತಿ ಬಿಟ್ಟವನು ಬಂದ ನೋಡ್ರೋ ಎಂದು. ಉಪದೇಶಿಗಳು ಬಂಗಲೆಗೆ ಹೋಗಿ ಮಗನಿಗೊಂದು ನೌಕರಿ, ಹೆಂಡತಿಗೊಂದು ಸೀರೆ ಕೇಳುತ್ತಾರೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಕೇಳುವವರೂ ಇದ್ದರು. ಹಾಗಾಗಿ ಅಪ್ಪ ತನಗಾಗಿ, ತನ್ನವರಿಗಾಗಿ ಬಂಗಲೆಯ ಮೆಟ್ಟಿಲಲ್ಲಿ ಒಂದು ಮಾತೂ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಒಳ್ಳೆಯ ಗಂಟು. ಆದರೆ ಆ ಗಂಟಿನೊಳಗೆ ಸಿಕ್ಕಿಕೊಂಡವಳು ನಾನು.

ಆ ಹೊತ್ತಿನ ಊಟಕ್ಕೆ ಬೆಂಚಿನ ಮೇಲೆ ಮೂವರಿದ್ದರು. ಅದರಲ್ಲಿ ಒಬ್ಬ ಮುದುಕ, ಕಣ್ಣು ಮಂಜು, ಹಸಿವು ಮಾತ್ರ ಚೊಕ್ಕ. ಅಪ್ಪ ರಾಜನಿಂದ ಎತ್ತಿನವರೆಗೆ ಎಲ್ಲರನ್ನೂ ದೇವರಿಗೆ ಒಪ್ಪಿಸಿ ಕಣ್ಣು ತೆರೆದ. ಎಲ್ಲರೂ ಆಮೆನ್ ಎಂದರು, ರೂಢಿಯ ಬಲದಿಂದ ನಾನೂ ಎಂದೆ. ಅವ್ವ ಅನ್ನಲಿಲ್ಲ. ತಾಟು ನೋಡುತ್ತಾ ಕುಳಿತಿದ್ದಳು.

"ಯಾಕ?" ಅಂದ ಅಪ್ಪ.

"ನಿಮ್ಮ ಪ್ರಾರ್ಥನಾ ಮುಗದಿಲ್ಲ."

"ಮುಗೀತಲ್ಲ."

"ಒಂದು ಹೆಸರು ಉಳದೈತಿ."

ಅಪ್ಪ ಕಾದ. ಅವ್ವನೂ ಕಾದಳು. ರೊಟ್ಟಿ ಆರಿ ಮೇಲೆದ್ದು ಬಾಗಿ ನಿಂತವು. ಕಡೆಗೆ ಅಪ್ಪ ಒಂದು ತಂಬಿಗೆ ನೀರು ಕುಡಿದು ಎದ್ದು ಹೋದ. ಅವನು ಹೋದ ಮೇಲೆ ಅವ್ವ ಉಳಿದವರಿಗೆಲ್ಲ ಬೇರೆ ಬಿಸಿ ರೊಟ್ಟಿ ಮಾಡಿ ಬಡಿಸಿದಳು. ಮರುದಿನ ಬೆಳಿಗ್ಗೆಯೂ ಅದೇ ಆಯಿತು, ಮಧ್ಯಾಹ್ನವೂ ಅದೇ. ಮೂರನೆಯ ಸಲ ಮಂಜುಗಣ್ಣಿನ ಮುದುಕನಿಗೆ ತಡೆಯಲಾಗಲಿಲ್ಲ.

"ತಾಯೀ, ನಿಮ್ಮ ಪಾಲಿಂದೂ ನಾನ ಅಂದುಬಿಡತೀನಿ. ಆಮೆನ್, ಆಮೆನ್. ಆತು? ಇನ್ನ ಉಣ್ಣೂಣು."

ನೀಲವ್ವ ನಕ್ಕಳು, ನಾನು ನಕ್ಕೆ, ಅವ್ವ ನಗಲಿಲ್ಲ. ನನ್ನ ಹೆಸರು ಹೇಳಿಬಿಡಲು ಅಪ್ಪನಿಗೆ ಏನಾಗಿತ್ತು ಎಂದು ನೀವು ಕೇಳಬಹುದು. ಅವನ ಲೆಕ್ಕದಲ್ಲಿ ದೇವರ ಮುಂದೆ ಕೇಳಿದರೂ ಅದು ಕೇಳಿದಂತೆಯೇ. ಆದರೆ ಮೂರು ಹೊತ್ತಿನ ಉಪವಾಸ ಹಟಮಾರಿಗಳನ್ನೂ ಮೆತ್ತಗೆ ಮಾಡುತ್ತದೆ. ಅವನು ಗೋಡೆಯ ಗೂಟದಿಂದ ಕೋಟು ತೆಗೆದು ಹಾಕಿಕೊಂಡ, ರುಮಾಲು ಸುತ್ತಿಕೊಂಡ.

"ಬಂಗಲೆಕ್ಕ ಹೋಗತೀನಿ. ಕೇಳತೀನಿ," ಅಂದ, ನೇಣಿಗೆ ಹೊರಟವನ ದನಿಯಲ್ಲಿ.

ಬಂಗಲೆ ನಮ್ಮ ಮನೆಯಿಂದ ಕೂಗಳತೆ. ಅವನು ಒಂದು ತಾಸಿನ ಮೇಲೆ ಬಂದ. ಅಷ್ಟು ಹೊತ್ತು ನಾನು ಮೆಟ್ಟಿಲ ಮೇಲೆ ಕುಳಿತು, ಚೀಲಕ್ಕೆ ಏನೇನು ಹಾಕಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಬಂದಾಗ ಅವನ ಮುಖ ಅರಳಿತ್ತು. ನಾನು ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನೋಡಿರಲಿಲ್ಲ.

"ಕೇಳಿದೆ. ಒಂದ ಮಾತಿಗೆ ಕೊಟ್ಟರು."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ನೆತ್ತಿಯ ಮೇಲೆ ಕೈ ಇಟ್ಟಳು. "ಯಾವಾಗ ಕಳಸಬೇಕಂತ?"

"ರಜಾ ಮುಗದ ಮ್ಯಾಲ, ನೀಲವ್ವನ ಕೂಡ. ಬರೂ ಹಾದ್ಯಾಗ ಕಾಶವ್ವಗ ಹೇಳಿ ಬಂದೀನಿ."

"ಕಾಶವ್ವಗ ಯಾಕ ಹೇಳಿದ್ರಿ?"

ಅಪ್ಪ ಹೇಳಿದ. ಬಂಗಲೆಗೆ ಹೋಗುವ ದಾರಿಯಲ್ಲಿ ಹುಣಸೆಮರದ ಕೆಳಗೆ ಕುಂಬಾರರ ಹುಡುಗಿ ಕಾಶವ್ವ ಕುಳ್ಳು ತಟ್ಟುತ್ತಿದ್ದಳಂತೆ. ತಾಯಿ ಸತ್ತು ಹದಿನೈದು ದಿನವಾಗಿತ್ತಂತೆ. ಸಾಲೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ಅತ್ತಳಂತೆ. ಅವನು ಬಂಗಲೆಯ ಮೆಟ್ಟಿಲು ಹತ್ತಿದನಂತೆ. ಸುಗುಣಾ ಎನ್ನಲು ಬಾಯಿ ತೆರೆದರೆ ನಾಲಿಗೆ ಏಳಲಿಲ್ಲವಂತೆ. ಕಾಶವ್ವ ಎಂದರೆ ಸರಾಗವಾಗಿ ಬಂತಂತೆ.

"ದೇವರ ಕೆಲಸ ನೋಡು," ಅಂದ ಅಪ್ಪ. "ಇನ್ನ ಉಣ್ಣೂಣು?"

ಅವ್ವ ಬೈಯುತ್ತಾಳೆ ಎಂದು ನಾನು ಕಾದೆ. ಬೈಯಲಿಲ್ಲ. ಅವನ ಮುಂದೆ ತಾಟು ಇಟ್ಟು, ರೊಟ್ಟಿ ಹಾಕಿ, ತಾನೇ ಮೊದಲು ಆಮೆನ್ ಎಂದಳು. ಆಮೇಲೆ ತಲೆಗೆ ಸೆರಗು ಹೊದ್ದು, ನನ್ನ ಮುಂಗೈ ಹಿಡಿದು, ಹಿಂಬಾಗಿಲಿನಿಂದ ಬಂಗಲೆಗೆ ನಡೆದಳು. ಅದುವರೆಗೆ ಅವಳು ಆ ಮೆಟ್ಟಿಲು ಹತ್ತಿದವಳಲ್ಲ. ದೊರೆಸಾನಿ ವರಾಂಡದಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದಳು. ಅವಳು ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರಿಂದ ಮಾತನಾಡಿದರೆ ಶಾಸನ ಓದಿದಂತಿರುತ್ತಿತ್ತು.

"ನನ್ನ ಮಗಳಿಗೂ ಒಂದು ಜಾಗ ಬೇಕ್ರೀ, ಬಾಯಾರ," ಅಂದಳು ಅವ್ವ.

"ಇದೇನಮ್ಮಾ? ಬೇಸಿಗೆಯಿಂದಲೂ ನಾನು ಕಾದೆನು. ನಿಮ್ಮ ಗಂಡನು ಮಗಳನ್ನು ಮನೆಯಲ್ಲಿಯೇ ಇರಿಸಿಕೊಳ್ಳಲು ಬಯಸುತ್ತಾನೆಂದು ತಿಳಿದೆನು. ಕೇಳಿದ್ದರೆ ಕೊಡುತ್ತಿದ್ದೆನು. ಈಗ ಆ ಸ್ಥಳವು ತುಂಬಿಹೋಯಿತು."

ಕೇಳಲಾರದ ಅಪ್ಪ ಒಂದು ಕಡೆ, ಕೇಳುವ ತನಕ ಹೇಳಲಾರದ ದೊರೆಸಾನಿ ಇನ್ನೊಂದು ಕಡೆ. ಕಾಂಪೌಂಡಿನ ಇಬ್ಬರು ದೊಡ್ಡ ಮನುಷ್ಯರು ಮರ್ಯಾದೆ ಮಾಡುತ್ತಾ ಕುಳಿತು ನನ್ನ ಸಾಲೆಯನ್ನು ಕಳೆದರು. ದೊರೆಸಾನಿಗೂ ಕೆಡುಕೆನಿಸಿರಬೇಕು. ಸ್ವಲ್ಪ ಯೋಚಿಸಿ, ಬೋರ್ಡಿಂಗಿನ ಅಡಿಗೆಮನೆಯಲ್ಲಿ ಕೈಕೆಲಸಕ್ಕೆ ಒಬ್ಬ ಹುಡುಗಿ ಬೇಕಾಗಿದ್ದಾಳೆ, ಇವಳು ಅಲ್ಲಿಯೇ ಇರಬಹುದು ಎಂದಳು. ಅವ್ವನ ಹಿಡಿತ ನನ್ನ ಮುಂಗೈಯ ಮೇಲೆ ಬಿಗಿಯಾಯಿತು.

"ಅಡಗಿ ಮಾಡಾಕ ನಮ್ಮ ಮನೀನ ಐತ್ರೀ," ಅಂದಳು.

ಹಿಂದಿರುಗುವಾಗ ನಾನು ಅಳುತ್ತಿದ್ದೆ. ಅವ್ವ ಬಾವಿಯ ಕಟ್ಟೆಯ ಹತ್ತಿರ ನಿಂತು ನನ್ನ ಮುಖ ತೊಳೆದಳು. ಸಮಾಧಾನದ ಮಾತು ಬರುತ್ತದೆ ಎಂದುಕೊಂಡೆ.

"ಅಡಗಿಮನಿ ಜಾಗದ ಸುದ್ದಿ ನಿಮ್ಮಪ್ಪಗ ಹೇಳಬ್ಯಾಡ," ಅಂದಳು. "ಅದನ್ನೂ ಯಾರಿಗಾರ ಕೊಡಿಸ್ಯಾನು."

ಮುಂದಿನ ಮಳೆಗಾಲದ ಹೊತ್ತಿಗೆ ದೊರೆಸಾನಿ ತನ್ನ ದೇಶದ ಹಡಗು ಹತ್ತಿದಳು. ನನಗೆ ಹನ್ನೊಂದು ತುಂಬಿತು, ವಯಸ್ಸು ಮೀರಿತು ಎಂದು ಬೋರ್ಡಿಂಗಿನವರು ತೆಗೆದುಕೊಳ್ಳಲಿಲ್ಲ. ನೀಲವ್ವ ಓದಿ ಮಾಸ್ತರಬಾಯಿಯಾದಳು, ಕಡೆಗೆ ಇಡೀ ಸಾಲೆ ನಡೆಸುವ ದೊಡ್ಡ ಬಾಯಿಯೂ ಆದಳು. ಪ್ರತಿ ಕ್ರಿಸ್‌ಮಸ್ಸಿಗೂ ಅಪ್ಪನಿಗೆ ಕಾಗದ ಬರೆಯುತ್ತಿದ್ದಳು. ಅಪ್ಪನ ಕಣ್ಣು ಮಂದವಾದ ಮೇಲೆ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಓದುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ನಾನು ಗುಡಿಯಲ್ಲಿ ಹಾಡುವ ಸಂಗೀತಗಳ ಪುಸ್ತಕ ನೋಡಿ ನೋಡಿ ಅಕ್ಷರ ಮರೆಯದಂತೆ ಉಳಿಸಿಕೊಂಡಿದ್ದೆ, ಅದು ಈ ಕೆಲಸಕ್ಕೆ ಬಂತು. ಮಧ್ಯೆ ಒಂದೆರಡು ಸಾಲು ಬೇಕೆಂದೇ ಬಿಟ್ಟು ಓದಿದ್ದೂ ಉಂಟು.

ನಾನು ಕೇಳುವವಳಾದೆ. ಗಂಡನ ಮನೆಯಲ್ಲಿ ಎರಡನೆಯ ರೊಟ್ಟಿ ಬಾಯಿಬಿಟ್ಟು ಕೇಳಿ ಅತ್ತೆಯ ಎದೆ ಝಲ್ಲೆನ್ನಿಸಿದೆ. ಮಗಳು ವಿಮಲಾಗೆ ನರ್ಸಿಂಗ್ ಸೀಟು ಇಲ್ಲ ಎಂದಾಗ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕುಳಿತೆ. ಮೂರನೆಯ ದಿನ ಕೊಟ್ಟರು. ಅದರಿಂದಲೇ ಅವಳು ಈ ದೇಶಕ್ಕೆ ಬಂದಳು, ಪಾರ್ಸಿಪನಿಯಲ್ಲಿ ಮನೆ ಮಾಡಿದಳು, ನಾನು ಬಂದೆ, ಅನಿತಾ ಹುಟ್ಟಿದಳು. ಈ ಅನಿತಾ ಕೆಲಸಕ್ಕೆ ವಾಪಸು ಹೋಗುವ ದಿನ ಹತ್ತಿರ ಬಂದಿತ್ತು. ಕೂಸನ್ನು ಬಿಡಲು ಡೇಕೇರಿನಲ್ಲಿ ಜಾಗವಿರಲಿಲ್ಲ. ಹೊಟ್ಟೆಯಲ್ಲಿದ್ದಾಗಲೇ ವೇಟ್‌ಲಿಸ್ಟಿನಲ್ಲಿ ಹೆಸರು ಬರೆಸಿ, ವಾರಕ್ಕೊಮ್ಮೆ ಇಮೇಲ್ ನೋಡುತ್ತಾ ಕೂತಿದ್ದಳು. ನಾನು ನೋಡಿಕೊಳ್ಳುತ್ತೇನೆಂದರೆ, ಈ ವಯಸ್ಸಿನಲ್ಲಿ ನಿಮಗೆ ಆಗುವುದಿಲ್ಲ ಎನ್ನುತ್ತಿದ್ದಳು.

"ಹೋಗಿ ಕೇಳೂಣು ನಡಿ," ಎಂದೆ.

"ಅಜ್ಜಿ, ಪ್ಲೀಸ್. ಹಾಗೆಲ್ಲ ವಾಕಿನ್ ಮಾಡಿ ಕೇಳಕ್ಕಾಗಲ್ಲ. ದೇ ಹ್ಯಾವ್ ಎ ಸಿಸ್ಟಮ್."

"ಗೊತ್ತೈತವಾ ಆ ಸಿಸ್ಟಮ್. ಕೇಳೂದಿಲ್ಲ, ಹೇಳೂದಿಲ್ಲ, ಅದ ಅಲ್ಲೇನು?"

ಕೂಸಿನ ಗಾಡಿ ತಳ್ಳಿಕೊಂಡು ಹೋದೆವು. ಅಲ್ಲಿಯ ಮ್ಯಾನೇಜರ್ ಹೆಂಗಸಿಗೆ ನನಗೆ ಬರುವ ಇಂಗ್ಲಿಷಿನಲ್ಲಿ ನಾನೇ ಹೇಳಿದೆ.

"ಒನ್ ಬೇಬಿ. ಒನ್ ಪ್ಲೇಸ್. ಯೂ ಪ್ಲೀಸ್ ಸೀ ಅಗೇನ್."

ಅವಳು ನಗುತ್ತಾ ಕಂಪ್ಯೂಟರು ನೋಡಿದಳು. ನೋಡುತ್ತಾ ಹುಬ್ಬು ಮೇಲೇರಿತು. ಒಂದು ಕುಟುಂಬ ಆ ವಾರವಷ್ಟೇ ಟೆಕ್ಸಸಿಗೆ ಹೋಗಿತ್ತು, ಒಂದು ಜಾಗ ಖಾಲಿಯಾಗಿತ್ತು. ನಮಗಿಂತ ಮುಂದೆ ಪಟ್ಟಿಯಲ್ಲಿದ್ದ ಒಬ್ಬ ತಾಯಿಗೆ ಎರಡು ಸಲ ಫೋನ್ ಮಾಡಿದರೂ ಎತ್ತಿರಲಿಲ್ಲ. ನೀವು ಎದುರಿಗೇ ಬಂದಿದ್ದೀರಿ, ಬೇಕಿದ್ದರೆ ಇವತ್ತೇ ಕೊಡುತ್ತೇನೆ ಎಂದಳು. ನಾನು ಅನಿತಾಳ ಬೆನ್ನು ಚಪ್ಪರಿಸಿದೆ. ನನ್ನ ಎದೆ ಹಿಗ್ಗಿ ಡೇಕೇರಿನ ಬಾಗಿಲಿನಷ್ಟಾಗಿತ್ತು. ಅಷ್ಟರಲ್ಲಿ ಈ ಹುಡುಗಿ ಬಾಯಿ ತೆರೆದಳು.

"ಆ ಇನ್ನೊಬ್ಬ ಮದರ್... ಈಸ್ ಶಿ ಓಕೆ?"

ಹೆಸರು ಹೇಳುವಂತಿಲ್ಲ ಎಂದಳು ಮ್ಯಾನೇಜರ್. ಒಬ್ಬಳೇ ತಾಯಿ, ಸೀಕಾಕಸ್ಸಿನ ವೇರ್‌ಹೌಸಿನಲ್ಲಿ ಕೆಲಸ, ಶಿಫ್ಟಿನಲ್ಲಿ ಫೋನು ಮುಟ್ಟುವ ಹಾಗಿಲ್ಲ ಎಂದಷ್ಟು ಹೇಳಿದಳು.

"ದೆನ್ ಕಾಲ್ ಹರ್ ಆಫ್ಟರ್ ಹರ್ ಶಿಫ್ಟ್," ಅಂದಳು ಅನಿತಾ. ನನ್ನ ಕಡೆ ಕೈ ತೋರಿಸಿದಳು. "ವಿ ಹ್ಯಾವ್ ಹರ್. ಅವರಿಗೆ ಯಾರಿದಾರೆ?"

ನಮ್ಮಪ್ಪನನ್ನು ಈ ಹುಡುಗಿ ಕಂಡಿಲ್ಲ. ಒಂದು ಫೋಟೋ ಕೂಡ ಉಳಿದಿಲ್ಲ. ನಾನು ಕೂಸಿನ ಗಾಡಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಎರಡು ಬ್ಲಾಕು ಮುಂದೆ ಮುಂದೆ ತಳ್ಳಿಕೊಂಡು ನಡೆದೆ. ಸಿಗ್ನಲ್ ಹತ್ತಿರ ನಿಂತಾಗ ಅವಳೇ ಕೇಳಿದಳು.

"ಅಜ್ಜಿ, ಆರ್ ಯೂ ಮ್ಯಾಡ್? ನೀವೇ ನೋಡ್ಕೋತೀನಿ ಅಂದಿದ್ರಲ್ಲ. ಐದು ಗಂಟೆ ತನಕ ಆಗತ್ತಾ?"

ಸೋಮವಾರ ಬೆಳಿಗ್ಗೆ ಏಳೂವರೆಗೆ ಅವಳು ಕೂಸನ್ನು ನನ್ನ ತೋಳಿಗೆ ಹಾಕಿ ರೈಲಿಗೆ ಓಡಿದಳು. ನನ್ನ ಸಿಟ್ಟು ಇನ್ನೂ ಹೋಗಿರಲಿಲ್ಲ, ನಗುವೂ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಐದು ಗಂಟೆಯ ತನಕ ಇಡೀ ಕೂಸು ನನ್ನದು. ಹಾಲಿನ ಬಾಟ್ಲಿಯನ್ನು ಬಿಸಿನೀರಿನಲ್ಲಿ ಇಟ್ಟು ಇನ್ನೂ ತಿರುಗಿರಲಿಲ್ಲ, ಇವಳು ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿ, ಪಕ್ಕದ ಅಪಾರ್ಟ್‌ಮೆಂಟಿನವರು ಗೋಡೆ ತಟ್ಟುವಷ್ಟು ಕೂಗಿದಳು. ನಾನು ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಸುಮ್ಮನಿರು ಎನ್ನಲಿಲ್ಲ.

"ಕೇಳು ನನ್ನವ್ವಾ," ಎಂದೆ. "ಇನ್ನಷ್ಟು ಜೋರಾಗಿ ಕೇಳು."